ಯೋಧೆಯ ಸಾವು ಓದುಗರನ್ನು ತಟ್ಟಬೇಕಾದರೆ ಆಚೆಯ ಲೋಕವನ್ನು ಮೊದಲು ಕಟ್ಟಿ

ಪ್ರಶ್ನೆ: ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ತಾರಿಣಿ ಕತ್ತಿವರಸೆಯಲ್ಲಿ ನಿಪುಣೆ, ಗಡಿಕೋಟೆಯೊಂದರ ದಳಪತಿ. ಕಥೆಯ ನಡುಭಾಗದಲ್ಲಿ ಯುದ್ಧದಲ್ಲಿ ಸಾಯುತ್ತಾಳೆ, ಸತ್ತವರ ಲೋಕಕ್ಕೆ ಹೋಗುತ್ತಾಳೆ, ಆಮೇಲೆ ಮರಳಿ ಬರುತ್ತಾಳೆ. ಕರಡು ಓದಿದ ಗೆಳೆಯರು, ‘ಅವಳು ಸತ್ತಾಗ ಏನೂ ಅನ್ನಿಸಲಿಲ್ಲ, ಎದ್ದು ಬಂದಮೇಲಂತೂ ಮುಂದಿನ ಯಾವ ಅಪಾಯಕ್ಕೂ ಹೆದರಿಕೆಯೇ ಆಗಲಿಲ್ಲ’ ಎಂದರು. ಸಾವಿನ ದೃಶ್ಯವನ್ನು ಮತ್ತೆ ಮತ್ತೆ ತಿದ್ದಿ ಸಾಕಾಗಿದೆ. ಎಲ್ಲಿ ಎಡವಿದ್ದೇನೆ?

ಉತ್ತರ: ಸಾವಿನ ದೃಶ್ಯವನ್ನು ಸದ್ಯಕ್ಕೆ ಹಾಗೇ ಬಿಡಿ. ದೋಷ ಅದಕ್ಕಿಂತ ಹಿಂದೆ, ನೀವು ಕಥೆ ಕಟ್ಟಿದ ಕ್ರಮದಲ್ಲಿದೆ. ಮೊದಲು ತಾರಿಣಿಯ ಬದುಕು, ಆಮೇಲೆ ಸಾವು, ಅದಾದ ಮೇಲೆ ಸತ್ತವರ ಲೋಕ ಎಂದುಕೊಂಡು ಹೊರಟಿದ್ದೀರಿ. ಓದುವವರಿಗೆ ಈ ಕ್ರಮ ಸರಿ. ಬರೆಯುವವರು ಮಾತ್ರ ಕೊನೆಯಿಂದ ಹಿಂದಕ್ಕೆ ಬರಬೇಕು. ಸತ್ತಮೇಲೆ ಏನಾಗುತ್ತದೆ ಎಂಬುದು ತೀರ್ಮಾನವಾಗದ ಕಥೆಯಲ್ಲಿ ಸಾವಿಗೆ ಎಷ್ಟು ಬೆಲೆ ಎಂಬುದು ಬರೆಯುವವರಿಗೇ ಗೊತ್ತಿರುವುದಿಲ್ಲ. ಆಗ ಎಷ್ಟು ರಕ್ತ ಹರಿಸಿದರೂ ಓದುಗರಿಗೆ ‘ಇವಳು ಹೇಗೂ ಬರುತ್ತಾಳೆ ಬಿಡು’ ಎನ್ನಿಸುತ್ತದೆ. ಮೊದಲು ಆಚೆಯ ಲೋಕದ ಕಟ್ಟಳೆ ಬರೆಯಿರಿ. ಆ ಕಟ್ಟಳೆಗೆ ಒಪ್ಪುವ ಸಾವು ಹುಡುಕಿ. ಆ ಸಾವಿಗೆ ಕಾರಣವಾಗುವ ಬದುಕನ್ನು ಆಮೇಲೆ ಕಟ್ಟಿ.

ಆಚೆಯ ಕಟ್ಟಳೆ

ಒಂದು ಪುಟ ಸಾಕು. ಕಥೆಯ ಭಾಷೆ ಬೇಡ, ಪಂಚಾಯ್ತಿ ನಿಯಮ ಬರೆಯುವ ಹಾಗೆ ಒಣಗಿದ ಭಾಷೆಯಲ್ಲಿ ಬರೆದಿಡಿ. ಅಲ್ಲಿಗೆ ಯಾರು ಹೋಗುತ್ತಾರೆ, ಯಾರಿಗೆ ಪ್ರವೇಶವಿಲ್ಲ? ಜೊತೆಯಲ್ಲಿ ಏನು ಹೋಗುತ್ತದೆ? ದೇಹವೇ, ನೆನಪೇ, ಗಾಯವೇ, ಆಯುಧವೇ? ಅಲ್ಲಿ ಇದ್ದಷ್ಟೂ ದಿನ ಏನು ಕರಗುತ್ತ ಹೋಗುತ್ತದೆ? ಮರಳುವ ದಾರಿ ಇದೆಯೇ? ಇದ್ದರೆ ಏನು ತೆರಬೇಕು, ತೆರುವವರು ಯಾರು? ಕಡೆಯದಾಗಿ, ಈ ಕಟ್ಟಳೆ ಬದುಕಿರುವವರಿಗೆ ಎಷ್ಟು ಗೊತ್ತು?

ಈ ಕಡೆಯ ಪ್ರಶ್ನೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಕಥೆ ಸಡಿಲವಾಗುವುದು ಅಲ್ಲೇ. ಸತ್ತವರು ಮರಳಬಲ್ಲರು ಎಂಬುದು ಜನಕ್ಕೆ ಗೊತ್ತಿರುವ ನಾಡಿನಲ್ಲಿ ಅಳು ಬೇರೆ ಥರ ಇರುತ್ತದೆ. ಆಸ್ತಿ ಹಂಚುವ ಹೊತ್ತು ಬೇರೆ, ಕೊಲೆಗೆ ಶಿಕ್ಷೆ ಬೇರೆ, ವಿಧವೆಯ ಮರುಮದುವೆಗೆ ಕಾಯಬೇಕಾದ ಅವಧಿ ಬೇರೆ. ಶತ್ರುವಿಗೂ ಗೊತ್ತಿದ್ದರೆ ಅವನು ದಳಪತಿಯನ್ನು ಕೊಂದಮೇಲೆ ಹೆಣವನ್ನು ಅಲ್ಲೇ ಬಿಟ್ಟು ಹೋಗುವುದಿಲ್ಲ. ಯಾರಿಗೂ ಗೊತ್ತಿಲ್ಲ ಎಂದಾದರೆ ಮರಳಿ ಬಂದವಳನ್ನು ಕಂಡವರು ಮೊದಲು ಕತ್ತಿ ಹಿರಿಯುತ್ತಾರೆ. ಯಾವುದನ್ನು ಆರಿಸಿದರೂ ಅದರ ಪರಿಣಾಮ ಅಡುಗೆಮನೆಯಿಂದ ಅರಮನೆಯವರೆಗೆ ಕಾಣಬೇಕು.

ಹಳೆಯ ನಾಗರಿಕತೆಗಳು ಇದನ್ನು ಎಷ್ಟು ಬಿಗಿಯಾಗಿ ಮಾಡಿದ್ದವು ಎಂಬುದಕ್ಕೆ ಈಗಿನ ಇರಾಕಿನ ದಕ್ಷಿಣದಲ್ಲಿದ್ದ ಸುಮೇರಿಯಾದ ಇನಾನ್ನಾಳ ಪುರಾಣವನ್ನು ಗಮನಿಸಿ. ಪ್ರೇಮಕ್ಕೂ ಯುದ್ಧಕ್ಕೂ ಇವಳೇ ದೇವತೆ. ಅಕ್ಕ ಎರೆಶ್ಕಿಗಲ್ ಆಳುವ ಪಾತಾಳಕ್ಕೆ ಸರ್ವಾಲಂಕಾರ ಮಾಡಿಕೊಂಡು ಇಳಿಯುತ್ತಾಳೆ. ದಾರಿಯಲ್ಲಿ ಏಳು ಬಾಗಿಲು. ಒಂದೊಂದರಲ್ಲೂ ಒಂದೊಂದನ್ನು ಕಳಚಿಸಿಕೊಳ್ಳುತ್ತಾರೆ: ಕಿರೀಟ, ಕೊರಳ ಮಣಿಸರ, ಎದೆಯ ಒಡವೆ, ಕೈಯ ಚಿನ್ನ, ಅಳತೆಗೋಲು, ಕಡೆಗೆ ಮೈಮೇಲಿನ ಬಟ್ಟೆ. ಏಕೆ ಎಂದು ಕೇಳಿದಾಗಲೆಲ್ಲ ಇಲ್ಲಿಯ ಕಟ್ಟಳೆ ಹೀಗೆ, ಪ್ರಶ್ನಿಸಬೇಡ ಎಂಬ ಒಂದೇ ಉತ್ತರ. ಬೆತ್ತಲೆಯಾಗಿ ಬಂದು ನಿಂತವಳನ್ನು ಕೊಂದು ಹೆಣವನ್ನು ಕೊಕ್ಕೆಗೆ ನೇತುಹಾಕುತ್ತಾರೆ. ಮೂರು ಹಗಲು ಮೂರು ರಾತ್ರಿ ಕಳೆದಮೇಲೆ, ಅವಳು ಮೊದಲೇ ಹೇಳಿಟ್ಟಿದ್ದ ಪ್ರಕಾರ ಸೇವಕಿ ನಿನ್‌ಶುಬುರ್ ದೊಡ್ಡ ದೇವರುಗಳ ಬಳಿ ಹೋಗಿ ಮೊರೆಯಿಡುತ್ತಾಳೆ. ಇಬ್ಬರು ಒಲ್ಲೆ ಎನ್ನುತ್ತಾರೆ, ಎನ್ಕಿ ಒಪ್ಪುತ್ತಾನೆ. ಜೀವ ಬರುತ್ತದೆ, ಆದರೆ ಅವಳ ಬದಲಿಗೆ ಒಬ್ಬರನ್ನು ಕೊಟ್ಟೇ ಹೋಗಬೇಕು. ಕಾವಲು ಭೂತಗಳು ಬೆನ್ನಿಗೇ ಬರುತ್ತವೆ. ತನಗಾಗಿ ಅತ್ತವರನ್ನು ಅವಳು ಕೊಡುವುದಿಲ್ಲ. ಅಳದೆ, ಚೆನ್ನಾಗಿ ಉಟ್ಟು ತೊಟ್ಟು ಕೂತಿದ್ದ ಗಂಡ ದುಮುಜಿಯನ್ನು ತೋರಿಸುತ್ತಾಳೆ. ಕೊನೆಗೆ ಅವನೂ ಅವನ ಒಡಹುಟ್ಟಿದವಳು ಗೆಶ್ತಿನನ್ನಾಳೂ ವರ್ಷವನ್ನು ಅರ್ಧರ್ಧ ಹಂಚಿಕೊಂಡು ಪಾತಾಳದಲ್ಲಿರಬೇಕಾಗುತ್ತದೆ.

ಇದರೊಳಗಿನ ಕಸುಬುದಾರಿಕೆ ನೋಡಿ. ದೇವತೆಗೂ ವಿನಾಯಿತಿ ಇಲ್ಲ. ಕಟ್ಟಳೆ ಅವಳನ್ನು ಕೊಲ್ಲುವ ಮೊದಲು ಏಳು ಸಲ ಕಣ್ಣಿಗೆ ಬಿದ್ದಿರುತ್ತದೆ. ಮರಳುವುದಕ್ಕೆ ಬೇಕಾದ ಏರ್ಪಾಡು ಹೊರಡುವ ಮುಂಚೆಯೇ ಆಗಿರುತ್ತದೆ, ಆಮೇಲೆ ಎಲ್ಲಿಂದಲೋ ಉದುರುವುದಿಲ್ಲ. ಬೆಲೆ ತೆರುವವರು ಇನ್ನೊಬ್ಬರು. ಯಾರು ಎಂದು ಬೆರಳು ತೋರಿಸುವ ಆ ಒಂದು ಕ್ಷಣದಲ್ಲಿ ಅವಳ ಸ್ವಭಾವವೆಲ್ಲ ಬಯಲಾಗುತ್ತದೆ.

ಉತ್ತರ ಯುರೋಪಿನ ಹಳೆಯ ನಾರ್ಸ್ ಪುರಾಣದಲ್ಲಿ ಕಾಳಗದಲ್ಲಿ ಬಿದ್ದವರಲ್ಲಿ ಅರ್ಧ ಜನ ದೇವರ ದೊರೆ ಓಡಿನ್‌ನ ಮನೆಯಾದ ವಾಲ್ಹಾಲಕ್ಕೆ, ಇನ್ನರ್ಧ ಫ್ರೇಯಾ ದೇವಿಯ ಬಯಲಿಗೆ. ವಾಲ್ಹಾಲದ ವೀರರು ಹಗಲೆಲ್ಲ ಹೊಡೆದಾಡಿ, ಸಂಜೆ ಊಟಕ್ಕೆ ಕೂರುತ್ತಾರೆ. ಇದು ಬಹುಮಾನದಂತೆ ಕಂಡರೂ ಒಳಗೆ ಕೆಲಸವಿದೆ: ಲೋಕದ ಕೊನೆಯ ಯುದ್ಧಕ್ಕೆ ಅವರನ್ನು ಸಿದ್ಧವಾಗಿ ಇಡಲಾಗಿದೆ. ನಿಮ್ಮ ಕಥೆಯಲ್ಲೂ ಕೇಳಿಕೊಳ್ಳಿ: ಸತ್ತ ಯೋಧರು ಆ ಲೋಕದ ಒಡೆಯನಿಗೆ ಯಾವ ಕೆಲಸಕ್ಕೆ ಬೇಕು? ಅವನಿಗೆ ಅವಳಿಂದ ಕೆಲಸವಿದ್ದರೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಹೆಣ್ಣು ಯೋಧೆ ಎಂದ ತಕ್ಷಣ ನೋಡಲೇಬೇಕಾದ ಇನ್ನೊಂದು ಮಾದರಿ ಮೆಕ್ಸಿಕೋದ ಹಳೆಯ ಅಜ್ಟೆಕರದು. ಹೆರಿಗೆಯನ್ನು ಅವರು ಕಾಳಗವೆಂದೇ ಎಣಿಸಿದ್ದರು. ಮೊದಲ ಹೆರಿಗೆಯಲ್ಲಿ ಸತ್ತವಳಿಗೆ ರಣದಲ್ಲಿ ಬಿದ್ದ ಗಂಡಸಿಗೆ ಸಲ್ಲುವ ಗೌರವ. ಸತ್ತ ವೀರರು ಮುಂಜಾನೆಯಿಂದ ನಡುನೆತ್ತಿಯವರೆಗೆ ಸೂರ್ಯನ ಜೊತೆ ನಡೆದರೆ, ಅಲ್ಲಿಂದ ಮುಳುಗುವವರೆಗೆ ಸಾಗಿಸುವ ಹೊಣೆ ಈ ಹೆಂಗಸರದು. ಇವರಿಗೆ ಸಿವಾತೆತೆಯೊ ಎಂದು ಹೆಸರು. ಆ ಹೆಣವನ್ನು ಹೂಳಲು ಒಯ್ಯುವಾಗ ಸೂಲಗಿತ್ತಿಯರೂ ಮುದುಕಿಯರೂ ಆಯುಧ ಹಿಡಿದು ಕಾವಲು ಹೋಗುತ್ತಿದ್ದರು. ಏಕೆಂದರೆ ಎಳೆಯ ಯೋಧರು ಅವಳ ಎಡಗೈಯ ನಡುಬೆರಳನ್ನೂ ತಲೆಗೂದಲನ್ನೂ ಕಸಿದುಕೊಳ್ಳಲು ನುಗ್ಗುತ್ತಿದ್ದರು. ಗುರಾಣಿಗೆ ಅದನ್ನು ಕಟ್ಟಿಕೊಂಡರೆ ಶತ್ರುವಿನ ಕಾಲು ಕಟ್ಟಿಹೋಗುತ್ತದೆ ಎಂಬ ನಂಬಿಕೆ. ಅದೇ ಹೆಂಗಸರು ಗೊತ್ತಾದ ದಿನಗಳಲ್ಲಿ ನಾಲ್ಕು ದಾರಿ ಕೂಡುವ ಕಡೆ ಇಳಿದು ಬಂದು ಮಕ್ಕಳಿಗೆ ಕೇಡು ಮಾಡುತ್ತಾರೆ ಎಂಬ ಭಯವೂ ಇತ್ತು. ಗೌರವ, ಭಯ, ಬೆರಳಿಗಾಗಿ ನೂಕಾಟ ಇವು ಮೂರೂ ಒಂದೇ ಹೆಣದ ಸುತ್ತ! ಆಚೆಯ ಲೋಕದ ಬಗ್ಗೆ ಜನ ಏನು ನಂಬುತ್ತಾರೆ ಎಂಬುದನ್ನು ವಿವರಿಸಿ ಹೇಳುವ ಬದಲು, ಆ ನಂಬಿಕೆಯಿಂದ ಜನ ಹೆಣಕ್ಕೆ ಏನು ಮಾಡುತ್ತಾರೆ ಎಂದು ತೋರಿಸಿದರೆ ಹೀಗೆ ಜೀವ ಬರುತ್ತದೆ.

ವೀರಗಲ್ಲುಗಳ ರಚನೆಯೂ ನಿಮ್ಮ ಕೆಲಸಕ್ಕೆ ಬರುತ್ತದೆ. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ದೇವಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುವಿನ ಹಂತವನ್ನು, ಅಂದರೆ ಇಲ್ಲಿಂದ ಅಲ್ಲಿಗೆ ಹೋಗುವ ಪಯಣವನ್ನು, ಶಿಲ್ಪಿ ಬಿಡುವುದಿಲ್ಲ. ಈಗಿನ ಫ್ಯಾಂಟಸಿ ಕಾದಂಬರಿಗಳಲ್ಲಿ ಮಾಯವಾಗುವುದು ಇದೇ. ಕಣ್ಣು ಮುಚ್ಚಿದಳು, ಮುಂದಿನ ಅಧ್ಯಾಯದಲ್ಲಿ ಮಂಜಿನ ನಡುವೆ ಕಣ್ಣು ಬಿಟ್ಟಳು. ಪಯಣವಿಲ್ಲದಿದ್ದರೆ ಸಾವು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಷ್ಟೇ ಹಗುರ.

ಈಗ ತಾರಿಣಿಗೆ ಒಂದು ಕಟ್ಟಳೆ ಹಾಕಿ ನೋಡೋಣ. ಸತ್ತವರು ಐದು ಕಟ್ಟೆ ದಾಟಬೇಕು. ಒಂದೊಂದು ಕಟ್ಟೆಯಲ್ಲೂ ಬದುಕಿನಲ್ಲಿ ಕಲಿತ ಒಂದು ವಿದ್ಯೆಯನ್ನು ಇಳಿಸಿ ಹೋಗಬೇಕು. ಯಾವುದನ್ನು ಎಂಬ ಆಯ್ಕೆ ಅವರದೇ. ಇಳಿಸಿದ್ದು ಮರಳಿ ಬಂದರೂ ಸಿಗುವುದಿಲ್ಲ. ಕಲಿಯದೆ ಬಂದದ್ದು, ಅಂದರೆ ಭಯ, ಮಮತೆ, ಮೈಗೆ ಅಂಟಿದ ಅಭ್ಯಾಸ, ಇವು ಹೋಗುವುದಿಲ್ಲ. ಇಷ್ಟೇ. ಈಜು ಮೊದಲು ಹೋಗಲಿ, ಅದು ಅವಳಿಗೆ ಅಗ್ಗ ಅನ್ನಿಸಲಿ. ಓದು ಬರಹ ಎರಡನೆಯದು. ಕುದುರೆ ಸವಾರಿ ಮೂರನೆಯದು. ನಾಲ್ಕನೆಯ ಕಟ್ಟೆಯಲ್ಲಿ ಅಮ್ಮನಿಂದ ಕಲಿತ ಮಾತೃಭಾಷೆಗೂ ಕತ್ತಿವರಸೆಗೂ ನಡುವೆ ಆರಿಸಬೇಕಾಗಿ ಬರಲಿ. ಅವಳು ಮಾತು ಬಿಟ್ಟು ಕತ್ತಿ ಉಳಿಸಿಕೊಳ್ಳಲಿ. ಐದನೆಯದರಲ್ಲಿ ಕತ್ತಿಯೂ ಹೋಗಲಿ. ಓದುಗರಿಗೆ ಆ ಲೆಕ್ಕ ತಾವಾಗಿಯೇ ಹೊಳೆಯುತ್ತದೆ: ನಾಲ್ಕನೆಯ ಕಟ್ಟೆಯಲ್ಲಿ ಕತ್ತಿಯನ್ನೇ ಕೊಟ್ಟು, ಐದನೆಯದಕ್ಕೆ ಇನ್ನಾವುದಾದರೂ ಸಣ್ಣ ವಿದ್ಯೆ ಇಳಿಸಿದ್ದರೆ ಮಾತಾದರೂ ಉಳಿಯುತ್ತಿತ್ತು.

ನಿಮ್ಮ ಗೆಳೆಯರ ಎರಡನೆಯ ದೂರಿಗೆ ಪರಿಹಾರ ಇಲ್ಲಿದೆ. ಮರಳಿ ಬಂದವಳನ್ನು ಇಲ್ಲಿಯವರೆಗೆ ಕಾಪಾಡಿದ್ದು ಯಾವುದೋ, ಅದೇ ಇಲ್ಲವಾಗಿದೆ. ಸಣ್ಣ ಅಪಾಯವೂ ದೊಡ್ಡದಾಗುತ್ತದೆ. ಬೆಲೆಯಾಗಿ ‘ಆಯಸ್ಸಿನ ಹತ್ತು ವರ್ಷ’ ಅಥವಾ ‘ಒಂದು ನೆನಪು’ ಇಟ್ಟರೆ ಈ ಕೆಲಸವಾಗದು. ಹತ್ತು ವರ್ಷ ಕಳೆದದ್ದು ಕಾದಂಬರಿಯ ಅವಧಿಯೊಳಗೆ ಕಾಣಿಸುವುದೇ ಇಲ್ಲ. ನೆನಪು ಹೋದದ್ದು ಅವಳಿಗಿಂತ ಹೆಚ್ಚಾಗಿ ಅವಳ ಜೊತೆಗಾರರಿಗೆ ನೋವು ಕೊಡುತ್ತದೆ, ಕಾಳಗದ ಹೊತ್ತಿನಲ್ಲಿ ಮರೆತೂಹೋಗುತ್ತದೆ.

ಕೆಡುವುದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಕಟ್ಟಳೆಯನ್ನು ಬಳಸುವ ಹೊತ್ತಿನಲ್ಲೇ ಓದುಗರಿಗೆ ತಿಳಿಸಿದರೆ ಅದು ಆಗ ಹುಟ್ಟಿಸಿದ್ದು ಎಂದೇ ಅನ್ನಿಸುತ್ತದೆ. ಸಾವಿಗಿಂತ ಮುಂಚೆ ಕನಿಷ್ಠ ಮೂರು ಕಡೆ ಅದು ಬೇರೆ ಬೇರೆ ರೂಪದಲ್ಲಿ ಬಂದಿರಬೇಕು: ಮಕ್ಕಳು ಹೇಳುವ ಎಣಿಕೆಯ ಪದದಲ್ಲಿ, ಹೆಣಕ್ಕೆ ಮಾಡುವ ಶಾಸ್ತ್ರದಲ್ಲಿ, ಹಿಂದೆಂದೋ ಮರಳಿ ಬಂದು ತನ್ನ ಕಸುಬೇ ತಿಳಿಯದೆ ಕೂತಿರುವ ಮುದಿ ಕಮ್ಮಾರನ ಕೈಯಲ್ಲಿ. ನಾಯಕಿಗೊಂದು ವಿನಾಯಿತಿ ಕೊಟ್ಟರೆ ಇಡೀ ಲೋಕ ಕುಸಿಯುತ್ತದೆ. ಸತ್ತ ಗುರು ಅಲ್ಲಿ ಸಿಕ್ಕಿ ಉಪದೇಶ ಮಾಡುವ ದೃಶ್ಯವನ್ನು ಹೊಡೆದುಹಾಕಿ. ಗುರುವೂ ಅದೇ ಕಟ್ಟೆಗಳನ್ನು ದಾಟಿ ಬಂದವರು. ಹೇಳಿಕೊಡುವ ವಿದ್ಯೆಯನ್ನು ಅವರು ಎಂದೋ ಇಳಿಸಿ ಬಿಟ್ಟಿರುತ್ತಾರೆ. ಅವರು ಸಿಗಲಿ, ಆದರೆ ಏನನ್ನೂ ಹೇಳಿಕೊಡಲಾಗದೆ ಅವಳ ಮುಖ ನೋಡುತ್ತ ಕೂರಲಿ.

ಯಾವ ಗಾಯ

ಸಾವಿನ ದೃಶ್ಯಕ್ಕೆ ಎಷ್ಟು ಹೊತ್ತು ಬೇಕು ಎಂದು ಮೊದಲು ನಿರ್ಧರಿಸಿ, ಆ ಹೊತ್ತು ಕೊಡುವ ಗಾಯ ಆರಿಸಿ. ಬಹಳಷ್ಟು ಕರಡುಗಳಲ್ಲಿ ಎದೆಗೆ ಕತ್ತಿ ನೆಟ್ಟಮೇಲೂ ಒಂದೂವರೆ ಪುಟ ಮಾತು ಇರುತ್ತದೆ. ಮೈ ಅದಕ್ಕೆ ಬಿಡುವುದಿಲ್ಲ.

60 ಕಿಲೋ ತೂಕದ ಹೆಂಗಸಿನ ಮೈಯಲ್ಲಿ ಸುಮಾರು 4 ಲೀಟರ್ ರಕ್ತವಿರುತ್ತದೆ. ಅರ್ಧ ಲೀಟರಿಗೂ ಸ್ವಲ್ಪ ಹೆಚ್ಚು ಹೋಗುವವರೆಗೆ ಹೊರಗೆ ಅಷ್ಟಾಗಿ ಏನೂ ಕಾಣದು. ಒಂದು ಲೀಟರ್ ಮೀರಿತು ಎನ್ನುವಾಗ ನಾಡಿ ಓಡುತ್ತದೆ, ತಣ್ಣನೆಯ ಬೆವರು, ಬಾಯಾರಿಕೆ, ಕಾರಣವಿಲ್ಲದ ಚಡಪಡಿಕೆ. ಒಂದೂವರೆ ಲೀಟರಿನ ಹೊತ್ತಿಗೆ ಮಾತು ತುಂಡಾಗುತ್ತದೆ, ಎದುರಿಗಿರುವವರು ಯಾರೆಂದು ಗೊಂದಲ. ಅದಕ್ಕೂ ಮೀರಿದರೆ ಎಚ್ಚರ ತಪ್ಪುತ್ತದೆ. ತೊಡೆಯ ದೊಡ್ಡ ಅಪಧಮನಿ ಕಡಿದರೆ, ಅದುಮಿ ಹಿಡಿಯುವವರಿಲ್ಲದಿದ್ದರೆ, ಈ ಹಂತಗಳೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಕೊರಳಿನದಾದರೆ ಇನ್ನೂ ಬೇಗ. ಅಲ್ಲಿ ನಾಲ್ಕೈದು ಪದಕ್ಕಿಂತ ಹೆಚ್ಚು ಮಾತಾಡಿಸಬೇಡಿ.

ಬೀಳ್ಕೊಡುವ ಮಾತುಕತೆ ಬೇಕೇ ಬೇಕು ಎಂದಾದರೆ ಹೊಟ್ಟೆಯ ಗಾಯ ಆರಿಸಿ. ಕರುಳು ತೂತಾದರೆ ನಂಜೇರಲು ಸಮಯ ಹಿಡಿಯುತ್ತದೆ. ಒಂದೆರಡು ದಿನ ನೋವಿನಲ್ಲೂ ಬುದ್ಧಿ ಸ್ವಚ್ಛವಾಗಿರಬಹುದು, ಆಮೇಲೆ ಜ್ವರ, ಹೊಟ್ಟೆ ಹಲಗೆಯಂತೆ ಬಿಗಿಯುವುದು, ಬಡಬಡಿಕೆ. ಗೆದ್ದು ಮನೆಗೆ ಬಂದಮೇಲೆ ಸಾಯಬೇಕೆಂದಿದ್ದರೆ ಧನುರ್ವಾಯು ಇದೆ: ಮಣ್ಣು ಸೋಕಿದ ಸಣ್ಣ ಗಾಯದಿಂದ 3ರಿಂದ 21 ದಿನದೊಳಗೆ ದವಡೆ ಕಚ್ಚಿಕೊಳ್ಳಲು ತೊಡಗುತ್ತದೆ. ಬಾಣವನ್ನು ಸೆಳೆದು ಕಿತ್ತು ಎಸೆಯುವ ದೃಶ್ಯ ಬರೆಯಬೇಡಿ. ಕಡ್ಡಿ ಕೈಗೆ ಬರುತ್ತದೆ, ಮೊನೆ ಒಳಗೇ ಉಳಿಯುತ್ತದೆ. 1403ರಲ್ಲಿ ಶ್ರೂಸ್‌ಬರಿ ಕಾಳಗದಲ್ಲಿ ಹದಿಹರೆಯದ ಇಂಗ್ಲೆಂಡ್ ರಾಜಕುಮಾರ ಹೆನ್ರಿಯ ಮುಖಕ್ಕೆ ಆದದ್ದು ಇದೇ. ಶಸ್ತ್ರವೈದ್ಯ ಜಾನ್ ಬ್ರ್ಯಾಡ್‌ಮೋರ್ ಜೇನುತುಪ್ಪ ಸವರಿದ ಬತ್ತಿಗಳಿಂದ ಗಾಯದ ದಾರಿಯನ್ನು ದಿನದಿನಕ್ಕೆ ಹಿಗ್ಗಿಸಿ, ಇದಕ್ಕೆಂದೇ ಮಾಡಿಸಿದ ತಿರುಪಿನ ಇಕ್ಕಳದಿಂದ ಮೊನೆಯನ್ನು ಅಲ್ಲಾಡಿಸುತ್ತ ತೆಗೆದ. ಹುಡುಗ ಬದುಕಿದ, ಆಮೇಲೆ ಐದನೇ ಹೆನ್ರಿಯಾಗಿ ಆಳಿದ.

ತಾರಿಣಿಗೆ ತೊಡೆಯ ಗಾಯ ಒಪ್ಪುತ್ತದೆ, ಕಾರಣ ಮುಂದೆ ಹೇಳುತ್ತೇನೆ. ಅವಳ ಸಾವಿನಲ್ಲಿ ಮಾತಿಗೆ ಜಾಗವಿಲ್ಲ. ಹಾಗಾಗಿ ಮಾಡಿದ ಕೆಲಸವೇ ಮಾತಾಡಬೇಕು. ಇದಕ್ಕೆ ಇತಿಹಾಸದಲ್ಲಿ ಒಂದು ಸಾವು ಇದೆ. 1868ರಲ್ಲಿ ಜಪಾನಿನ ಐಝು ಯುದ್ಧದಲ್ಲಿ ನಕಾನೊ ತಕೆಕೊ ಎಂಬ ಯುವತಿ ಉದ್ದ ಹಿಡಿಯ ನಗಿನಾತ ಎಂಬ ಆಯುಧ ಹಿಡಿದು, ಹೆಂಗಸರದೇ ಒಂದು ಗುಂಪು ಕಟ್ಟಿಕೊಂಡು ಬಂದೂಕಿನ ಎದುರು ನುಗ್ಗಿದಳು. ಎದೆಗೆ ಗುಂಡು ತಾಗಿತು. ಶತ್ರುಗಳು ತಲೆಯನ್ನು ವಿಜಯದ ಗುರುತಾಗಿ ಒಯ್ಯಬಾರದೆಂದು ಅದನ್ನು ಕತ್ತರಿಸಿಬಿಡು ಎಂದು ತಂಗಿಗೆ ಹೇಳಿದಳು. ಆ ತಲೆಯನ್ನು ಹೋಕೈಜಿ ದೇವಾಲಯದಲ್ಲಿ ಮರವೊಂದರ ಬುಡದಲ್ಲಿ ಹೂಳಿದರು. ಒಂದೇ ಒಂದು ಬೇಡಿಕೆಯಲ್ಲಿ ಅವಳಿಗೆ ಯಾವುದರ ಭಯವಿತ್ತು, ಯಾರ ಮೇಲೆ ನಂಬಿಕೆಯಿತ್ತು ಎಂಬುದು ಬಂದುಬಿಡುತ್ತದೆ. ತಂಗಿಯ ಉಳಿದ ಬದುಕಿನ ಭಾರವೂ ಅದರಲ್ಲಿದೆ. ನಿಮ್ಮ ದೃಶ್ಯದಲ್ಲಿ ತಾರಿಣಿ ಏನು ಬೇಡುತ್ತಾಳೆ? ಅದನ್ನು ನೆರವೇರಿಸುವವರಿಗೆ ಆ ಕೆಲಸ ಕಷ್ಟದ್ದಾಗಿರಲಿ.

ಸಾವಿಗೆ ಕಾರಣವಾಗುವ ಬದುಕು

ಅವಳನ್ನು ಕೊಲ್ಲುವ ಕಾರಣ ಅವಳ ಬದುಕಿನಲ್ಲೇ ಬೇರು ಬಿಟ್ಟಿರಬೇಕು. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರ ಯುದ್ಧದಲ್ಲಿ ಸತ್ತವರ ಸಾಮೂಹಿಕ ಗುಂಡಿ 1996ರಲ್ಲಿ ಸಿಕ್ಕಿತು. ಕೆಲವು ತಲೆಬುರುಡೆಗಳಲ್ಲಿ ಹಳೆಯ, ವಾಸಿಯಾದ ಗಾಯಗಳಿದ್ದವು. ಒಬ್ಬನ ದವಡೆ ಹಿಂದೆಂದೋ ಸೀಳಿ ಕೂಡಿಕೊಂಡಿತ್ತು. ಅವನು ಮತ್ತೆ ರಣಕ್ಕೆ ಬಂದಿದ್ದ. ಸ್ವೀಡನ್ನಿನ ವಿಸ್ಬಿಯಲ್ಲಿ 1361ರ ಯುದ್ಧದ ಗುಂಡಿಗಳಲ್ಲಿ ಬೇರೊಂದು ನೋಟ: ಬಹಳ ಎಲುಬುಗಳಲ್ಲಿ ಮೊಣಕಾಲಿನ ಕೆಳಗೆ ಕಡಿತದ ಗುರುತು. ಗುರಾಣಿ, ಕವಚ ಮೇಲಿನ ಮೈಯನ್ನು ಕಾದರೆ ಕತ್ತಿ ಕಾಲನ್ನು ಹುಡುಕುತ್ತದೆ.

ಇವೆರಡನ್ನೂ ಕೂಡಿಸಿ. ತಾರಿಣಿಗೆ ಹತ್ತೊಂಬತ್ತರಲ್ಲಿ ಮುಖಕ್ಕೆ ಏಟು ಬಿದ್ದು ದವಡೆ ಸೀಳಿತ್ತು. ವಾಸಿಯಾಯಿತು, ಆದರೆ ಅಂದಿನಿಂದ ಎದುರಾಳಿಯ ಭುಜ ಅಲುಗಿದರೆ ಸಾಕು, ಅವಳ ಗುರಾಣಿ ಬೇಕಾದದ್ದಕ್ಕಿಂತ ನಾಲ್ಕು ಬೆರಳು ಮೇಲೇಳುತ್ತದೆ. ಅಭ್ಯಾಸದಲ್ಲಿ ಇದನ್ನು ಒಬ್ಬ ಹುಡುಗ ಗಮನಿಸಿ ಹೇಳುತ್ತಾನೆ, ಅವಳು ಗದರಿ ಕಳಿಸುತ್ತಾಳೆ. ಮೂರು ಅಧ್ಯಾಯದ ನಂತರ ಅದೇ ಹುಡುಗ ಶತ್ರುಪಾಳಯಕ್ಕೆ ಹೋಗಿರುತ್ತಾನೆ. ಕವಚದ ಅಂಚು ಮುಗಿಯುವ ಕಡೆ, ತೊಡೆಯ ಒಳಭಾಗಕ್ಕೆ ಏಟು. ಪಕ್ಕದಲ್ಲಿ ಯಾರಾದರೂ ಇದ್ದು ಸೊಂಟದ ಪಟ್ಟಿ ಬಿಚ್ಚಿ ಗಾಯದ ಮೇಲುಗಡೆ ಬಿಗಿದಿದ್ದರೆ ಉಳಿಯುತ್ತಿದ್ದಳು. ಆ ಪಕ್ಕದವನನ್ನು ಬಾಗಿಲು ಕಾಯಲು ಅವಳೇ ಈಗಷ್ಟೇ ಕಳಿಸಿದ್ದಾಳೆ. ಇಷ್ಟು ಹೆಣೆದರೆ ಸಾವಿಗೆ ಶತ್ರುವಿನಷ್ಟೇ ಅವಳೂ ಕಾರಣಳಾಗುತ್ತಾಳೆ.

ನೀವು ಅವಳನ್ನು ಯೋಧೆ ಎಂದು ನಂಬಿಸುವ ಕೆಲಸ ದಿನನಿತ್ಯದ ವಿವರಗಳದ್ದು. ಒಂಟಿಕೈ ಕತ್ತಿ ಸುಮಾರು 1ರಿಂದ 1.3 ಕಿಲೋ, ‘ಎತ್ತಲಾಗದ ಭಾರದ ಕತ್ತಿ’ ಎಂದು ಬರೆಯಬೇಡಿ. ಕೈ ಸೋಲುವುದು ತೂಕದಿಂದಲ್ಲ, ಮತ್ತೆ ಮತ್ತೆ ಬೀಸಿ ನಿಲ್ಲಿಸುವುದರಿಂದ. ಕಬ್ಬಿಣದ ಸಣ್ಣ ಬಳೆಗಳನ್ನು ಹೆಣೆದು ಮಾಡಿದ ಸರಪಣಿ ಅಂಗಿ 10–12 ಕಿಲೋ ತೂಗುತ್ತದೆ. ಸೊಂಟಕ್ಕೆ ಪಟ್ಟಿ ಬಿಗಿದರೆ ಸಾಕಷ್ಟು ಭಾರ ಭುಜದಿಂದ ಇಳಿದು ಸೊಂಟಕ್ಕೆ ಬರುತ್ತದೆ. ಒಳಗೆ ದಪ್ಪ ಹತ್ತಿಯ ಅಂಗಿ ಇಲ್ಲದೆ ಅದನ್ನು ತೊಟ್ಟರೆ ಅಲಗು ತಡೆದರೂ ಏಟಿಗೆ ಎಲುಬು ಮುರಿಯುತ್ತದೆ. ಎದೆಗವಚಕ್ಕೆ ಎರಡು ಉಬ್ಬು ಮಾಡಿಸುವ ಚಿತ್ರಕಾರರ ಚಟವನ್ನು ನಿಮ್ಮ ಕಥೆಯಿಂದ ದೂರವಿಡಿ. ಎರಡು ಉಬ್ಬಿನ ನಡುವಿನ ತಗ್ಗು ಕತ್ತಿಯ ಮೊನೆಯನ್ನು ನೇರ ಎದೆಗೂಡಿನ ನಡುವಿಗೆ ಕರೆದೊಯ್ಯುತ್ತದೆ. ಒಂದೇ ಕಮಾನಿನಂತೆ ಮುಂದಕ್ಕೆ ಬಾಗಿದ ಕವಚ ಏಟನ್ನು ಪಕ್ಕಕ್ಕೆ ಜಾರಿಸುತ್ತದೆ, ಒಳಗೆ ಜಾಗವೂ ಸಾಕಷ್ಟಿರುತ್ತದೆ. ಬೆನ್ನಿಗೆ ಕಟ್ಟಿದ ಒರೆಯಿಂದ ಉದ್ದ ಕತ್ತಿ ಹಿರಿಯುವುದೂ ಆಗದ ಮಾತು. ಅಲಗು ಕೈಗಿಂತ ಉದ್ದ, ಮೊನೆ ಹೊರಬರುವ ಮೊದಲೇ ತೋಳು ನೀಳಿ ಮುಗಿದಿರುತ್ತದೆ.

ಬಿಲ್ಲು ಹೆಣ್ಣಿಗೆ ಹಗುರ ಆಯುಧ ಎಂಬ ಭಾವನೆ ಎಷ್ಟು ತಪ್ಪು ಎಂದರೆ, 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಯುದ್ಧದ ಹಡಗು ಮೇರಿ ರೋಸ್‌ನ ಬಿಲ್ಲುಗಳನ್ನು ಎಳೆಯಲು ಸುಮಾರು 45ರಿಂದ 80 ಕಿಲೋ ಬಲ ಬೇಕಿತ್ತು. ಗಂಡು ಹೆಣ್ಣಿನ ಬಲದ ಅಂತರ ಸರಾಸರಿಯಲ್ಲಿ ಹೆಚ್ಚು ಕಾಣುವುದು ಭುಜ, ತೋಳಿನಲ್ಲಿ, ಕಾಲಿನಲ್ಲಿ ಕಡಿಮೆ. ಹಾಗಾಗಿ ಯುದ್ಧದ ಬಿಲ್ಲಿಗಿಂತ ಎರಡು ಮೀಟರಿನ ಈಟಿ ಅವಳಿಗೆ ಒಳ್ಳೆಯ ಜೊತೆಗಾತಿ. ತಳ್ಳುವ ಬಲ ಕಾಲಿನಿಂದ ಬರುತ್ತದೆ, ಎದುರಾಳಿಯ ಉದ್ದ ತೋಳಿನ ಲಾಭವನ್ನು ಈಟಿಯ ಉದ್ದ ಅಳಿಸುತ್ತದೆ. ಕತ್ತಿ ಅವಳ ಎರಡನೆಯ ಆಯುಧವಾಗಲಿ, ಹತ್ತಿರ ಬಂದವರಿಗೆ.

ಮುತ್ತಿಗೆಯ ತಿಂಗಳುಗಳಲ್ಲಿ ಊಟ ಅರ್ಧವಾಗಿ ದುಡಿಮೆ ದುಪ್ಪಟ್ಟಾದರೆ ಮುಟ್ಟು ನಿಲ್ಲುತ್ತದೆ. ಹಾಗೇ ಮುಂದುವರಿದರೆ ಎಲುಬು ಸೊರಗಿ, ಕಾಲಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಇದನ್ನು ಬರೆಯಲು ಸಂಕೋಚಪಡಬೇಡಿ. ಕೋಟೆಯೊಳಗಿನ ಹಸಿವನ್ನು ಹೇಳಲು ಇಷ್ಟು ಹತ್ತಿರದ ವಿವರ ಬೇರೆ ಸಿಗುವುದು ಕಷ್ಟ.

ಅವಳೊಬ್ಬಳನ್ನೇ ಅಪರೂಪದ ಹೆಣ್ಣಾಗಿ ನಿಲ್ಲಿಸುವುದೂ ಬೇಕಿಲ್ಲ. ರಷ್ಯಾದ ವೊರೊನೆಝ್ ಪ್ರಾಂತದ ದೆವಿತ್ಸಾ ಬಳಿ 2019ರಲ್ಲಿ ಸಿಕ್ಕ, ಹಿಂದಿನ ಅಲೆಮಾರಿ ಕುದುರೆಸವಾರರಾದ ಸಿಥಿಯನ್ನರ ಗೋರಿಯಲ್ಲಿ ನಾಲ್ವರು ಹೆಣ್ಣುಗಳು ಜೊತೆಗಿದ್ದರು: ಒಬ್ಬಳಿಗೆ 12–13 ವರ್ಷ, ಇಬ್ಬರು ಇಪ್ಪತ್ತು ಮೂವತ್ತರ ಆಸುಪಾಸಿನವರು, ಒಬ್ಬಳು 45–50ರವಳು. ಗೋರಿಯಲ್ಲಿ ಬಾಣದ ಮೊನೆಗಳು, ಈಟಿಗಳು, ಕುದುರೆಯ ಸಾಮಾನು. ಹಿರಿಯವಳ ತಲೆಗೆ ಚಿನ್ನದ ಅಲಂಕಾರ. ತಾರಿಣಿಯ ದಳದಲ್ಲೂ ಇಂಥ ವಯಸ್ಸಿನ ಹರವು ಇರಲಿ. ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ಅಗೆದ ವೈಕಿಂಗ್ ಕಾಲದ ಗೋರಿಯಲ್ಲಿ ಕತ್ತಿ, ಕೊಡಲಿ, ಈಟಿ, ಬಾಣ, ಎರಡು ಗುರಾಣಿ, ಎರಡು ಕುದುರೆ, ಹಲಗೆಯಾಟದ ಕಾಯಿಗಳು ಎಲ್ಲ ಇದ್ದವು. ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಗಂಡಸಿನ ಗೋರಿ ಎಂದೇ ನಂಬಿದ್ದರು. 2017ರಲ್ಲಿ ಡಿಎನ್‌ಎ ಪರೀಕ್ಷೆ ಅದು ಹೆಣ್ಣು ಎಂದಿತು. ನನ್ನ ಮಟ್ಟಿಗೆ ಆ ಗೋರಿಯಲ್ಲಿ ಕತ್ತಿಗಿಂತ ಹೆಚ್ಚು ಕಥೆ ಇರುವುದು ಆಟದ ಕಾಯಿಗಳಲ್ಲಿ. ಬಿಡುವಿನಲ್ಲಿ ಅವಳು ಯಾರೊಡನೆ ಆಡುತ್ತಿದ್ದಳು, ಸೋತಾಗ ಏನು ಮಾಡುತ್ತಿದ್ದಳು? ತಾರಿಣಿಗೂ ಹೊಡೆದಾಟಕ್ಕೆ ಸಂಬಂಧವಿಲ್ಲದ ಒಂದು ವಸ್ತು ಕೊಡಿ.

ಹೆಣ, ಮತ್ತು ಮರಳುವಿಕೆ

ಅವಳು ಆಚೆ ಇರುವಷ್ಟು ದಿನ ಹೆಣ ಎಲ್ಲಿದೆ ಎಂಬುದನ್ನು ಮರೆಯಬೇಡಿ. ಸತ್ತ 2ರಿಂದ 4 ಗಂಟೆಯಲ್ಲಿ ದವಡೆ, ಕತ್ತಿನಿಂದ ಮೈ ಸೆಟೆದುಕೊಳ್ಳಲು ತೊಡಗಿ, ಸುಮಾರು 12 ಗಂಟೆಗೆ ಪೂರ್ತಿ ಮರಗಟ್ಟುತ್ತದೆ; ಒಂದೂವರೆ ಎರಡು ದಿನದಲ್ಲಿ ಸಡಿಲುತ್ತದೆ. ಸೆಕೆಯಲ್ಲಿ ಎಲ್ಲವೂ ಬೇಗ. ಇದರಿಂದ ಒಂದು ದೃಶ್ಯ ತಾನೇ ಹುಟ್ಟುತ್ತದೆ. ಬದುಕಿರುವವರು ಸರಪಣಿ ಅಂಗಿ ಕಳಚುವಾಗ ಸೊಂಟ ಬಗ್ಗಿಸಿ, ಕೈ ಚಾಚಿ, ತಲೆಯ ಮೇಲಿಂದ ಅದನ್ನು ಜಾರಿಸಿಬಿಡುತ್ತಾರೆ. ಸೆಟೆದ ಹೆಣದ ಕೈ ಸುಲಭಕ್ಕೆ ಮೇಲೇಳುವುದಿಲ್ಲ. ಬಾಗಿಲ ಕಾಳಗ ಮುಗಿಸಿ ಜೊತೆಗಾರರು ಬರುವ ಹೊತ್ತಿಗೆ ಅರ್ಧ ದಿನ ಕಳೆದಿದ್ದರೆ, ಕೀಲನ್ನು ಬಲವಂತವಾಗಿ ಬಗ್ಗಿಸಲು ಮನಸ್ಸಾಗದ ಅವರು ಇನ್ನೂ ಒಂದು ಒಂದೂವರೆ ದಿನ ಕಾಯಬೇಕು ಇಲ್ಲವೇ ಇಕ್ಕಳದಿಂದ ಬಳೆಬಳೆಯಾಗಿ ಕತ್ತರಿಸಿ ಬಿಚ್ಚಬೇಕು. ಅವಳೇ ಎಣ್ಣೆ ಹಚ್ಚಿ ಕಾಪಾಡಿಕೊಂಡಿದ್ದ ಅಂಗಿ ಅದು. ಅಳುವ ಜನರನ್ನು ಬರೆಯುವ ಬದಲು ಇಕ್ಕಳ ಹಿಡಿದ ಎರಡು ಕೈ ಬರೆಯಿರಿ.

ಸುಡುವ ಪದ್ಧತಿಯ ನಾಡಾದರೆ ಚಿತೆಗೆ 400 ಕಿಲೋದಷ್ಟು ಸೌದೆ ಬೇಕು, ಉರಿದು ಮುಗಿಯಲು ಹಲವು ಗಂಟೆ. ಮುತ್ತಿಗೆಗೆ ಸಿಕ್ಕ ಕೋಟೆಯಲ್ಲಿ ಅಷ್ಟು ಸೌದೆ ಇರುವುದಿಲ್ಲ. ಹಾಗಾಗಿ ಅವಳನ್ನು ತಂಪಾದ ನೆಲಮಾಳಿಗೆಯಲ್ಲಿ ಇಟ್ಟಿದ್ದಾರೆ ಎಂಬುದಕ್ಕೆ ಬೇರೆ ನೆವ ಹುಡುಕಬೇಕಿಲ್ಲ. ಒಂಬತ್ತನೆಯ ದಿನ ಎದ್ದರೆ ಮೈ ಕೊಳೆಯದೆ ಉಳಿದದ್ದು ಹೇಗೆ ಎಂಬುದು ಕಟ್ಟಳೆಯ ಪುಟದಲ್ಲಿ ಇರಬೇಕು, ಅದೂ ಎಲ್ಲ ಸತ್ತವರಿಗೂ ಅನ್ವಯಿಸುವ ಹಾಗೆ. ಇಲ್ಲವೇ ಎರಡನೆಯ ದಿನವೇ ಎಬ್ಬಿಸಿ. ಆಚೆ ಕಾಲ ಬೇರೆ ಲೆಕ್ಕದಲ್ಲಿ ಓಡಬಹುದು.

ಅಷ್ಟರಲ್ಲಿ ಇಲ್ಲಿ ಎಲ್ಲ ಬದಲಾಗಿರುತ್ತದೆ. ದಳಪತಿಯ ಸ್ಥಾನಕ್ಕೆ ಇನ್ನೊಬ್ಬರು ಬಂದಿದ್ದಾರೆ, ಅವರು ಕೆಟ್ಟವರಾಗಬೇಕಿಲ್ಲ. ಕತ್ತಿ ಯಾರಿಗೋ ಸಂದಿದೆ. ಮಾತೃಭಾಷೆ ಕಳೆದುಕೊಂಡು ಬಂದವಳು ಅಮ್ಮನೊಡನೆ ಮಾತಾಡಲಾರಳು. ಪಾಳಯದಲ್ಲಿ ಕಲಿತ ಇನ್ನೊಂದು ಭಾಷೆ ಅಮ್ಮನಿಗೆ ಬರುವುದಿಲ್ಲ. ಆ ಭೇಟಿಗೆ ಇಡೀ ಒಂದು ಅಧ್ಯಾಯ ಕೊಡಿ, ಅವಸರ ಬೇಡ.

ಪುಟಗಳ ಹಂಚಿಕೆ: 400 ಪುಟದ ಕಾದಂಬರಿಯಾದರೆ ಸಾವಿಗೆ ಮೊದಲು 180, ಸಾವಿಗೆ 5ಕ್ಕಿಂತ ಹೆಚ್ಚು ಬೇಡ, ಆಚೆಯ ಲೋಕಕ್ಕೆ 50, ಉಳಿದದ್ದು ಮರಳಿದ ಮೇಲೆ. ಆಚೆಯ ಲೋಕ 80 ದಾಟಿದರೆ ಓದುಗರು ಇಲ್ಲಿಯವರನ್ನು ಮರೆಯುತ್ತಾರೆ.

ಮರಳಿದ ಮೇಲಿನ ಮೊದಲ ಕಾಳಗವನ್ನು ದೊಡ್ಡದು ಮಾಡಬೇಡಿ. ಅಂಗಳದಲ್ಲಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಎದುರು, ಮರದ ಕತ್ತಿಯಲ್ಲಿ ಆಗಲಿ. ಕಾಲು ಎಲ್ಲಿಡಬೇಕೆಂದು ತಾರಿಣಿಗೆ ತಿಳಿಯುವುದಿಲ್ಲ. ಹುಡುಗಿಯ ಭುಜ ಅಲುಗುತ್ತದೆ. ಕಲಿತ ಕತ್ತಿವರಸೆ ಹೋದ ಮೈಯಲ್ಲಿ ಕಲಿಯದೆ ಬಂದ ಆ ಅಭ್ಯಾಸ ಹಾಗೇ ಇದೆ, ಗುರಾಣಿ ನಾಲ್ಕು ಬೆರಳು ಮೇಲೇಳುತ್ತದೆ. ಏಟು ತೊಡೆಗೇ ಬೀಳಲಿ. ಮುಂದಿನ 150 ಪುಟದಲ್ಲಿ ನಿಜವಾದ ಅಲಗು ಎದುರಾದಾಗಲೆಲ್ಲ ಓದುಗರ ಕಣ್ಣು ಆ ಗುರಾಣಿಯ ಕೆಳಗಿನ ಅಂಚಿನ ಮೇಲೇ ಇರುತ್ತದೆ.